ಹಿತ್ತಲಲ್ಲಿ ಉಳಿದ ಅಂಟಾರ್ಕ್ಟಿಕಾ

ದೇಶಕ್ಕೆಲ್ಲ ಲಾಕ್‌ಡೌನ್ ಆದರೂ, ನನ್ನ ಮನೆ ಹುಡುಕಿಕೊಂಡು ಬರುವ ಪ್ರಸಂಗಗಳಿಗೆ ಮಾತ್ರ ಯಾರೂ ಲಾಕ್‌ಡೌನ್ ಹಾಕಲಿಲ್ಲ. ಐರ್ಲೆಂಡಿನ ಲೀಕ್ಸ್‌ಲಿಪ್ಪಿನ ಮನೆಯಲ್ಲಿ ಆಗ ನಾನು, ನನ್ನ ಹೆಂಡತಿ, ಜೊತೆಗೆ ಡಬ್ಲಿನ್ನಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ನನ್ನ ಅಕ್ಕನ ಮಗಳು. ಅವಳು ಓದುತ್ತಿದ್ದದ್ದು ಪಾಚಿ. ಅದೂ ನೀರಿನದ್ದಲ್ಲ, ಅಂಟಾರ್ಕ್ಟಿಕಾದ ಕಡಲತೀರದ ಮಣ್ಣು-ಕಲ್ಲಿನ ಮೇಲೆ, ಹಿಮದ ಪಕ್ಕದಲ್ಲೇ ಬದುಕುವ ಪಾಚಿ. ಒಂದೊಂದು ಜೀವವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಅದನ್ನು ಕಾಪಾಡಿದ ಮಹಾನುಭಾವನ ಕತೆ ಇದು. ಮಹಾನುಭಾವ ಅಂದರೆ ನಾನೇ.

ಐದು ಕಿಲೋಮೀಟರ್

ಚಳಿಗಾಲದಲ್ಲಿ ಲ್ಯಾಬ್ ಮತ್ತೆ ಮುಚ್ಚಿತು. "ಮಾವ, ಗೈಡ್ ಮನೆಗೆ ಒಯ್ಯೋಕೆ ಒಪ್ಪಿದಾರೆ. ಇದು ಸತ್ರೆ ಮತ್ತೆ ತರೋಕೆ ಹಡಗೂ ಇಲ್ಲ, ವಿಮಾನಾನೂ ಇಲ್ಲ. ನನ್ನ ಮೂರು ವರ್ಷ ಹೋದಂಗೆ" ಅಂದಳು. ಕಾರು ತೆಗೆದೆ. ಪಾಚಿಯ ತಟ್ಟೆಗಳಿದ್ದ ಎರಡು ಪಾರದರ್ಶಕ ಡಬ್ಬಿಗಳನ್ನು ಮಗುವಿನ ಹಾಗೆ ಸೀಟ್‌ಬೆಲ್ಟ್ ಹಾಕಿ ಕೂರಿಸಿದೆವು.

ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಅನ್ನುತ್ತಿದ್ದ ಕಾಲ. ದಾರಿಯಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿ, ಡಬ್ಬಿಯಲ್ಲಿ ಏನು ಅಂತ ಕೇಳಿದ. ನಾನು ಎದೆಯುಬ್ಬಿಸಿ, "ಅಂಟಾರ್ಕ್ಟಿಕಾದಿಂದ ಬಂದ ಜೀವಿಗಳು!" ಅಂದೆ. ಅವಳು ಲ್ಯಾಬಿನ ಪತ್ರ ತೋರಿಸಿದಳು. ಅವನು ನಿಧಾನವಾಗಿ ಓದಿ ಹೇಳಿದ: "ನಿಮ್ಮದೆಲ್ಲ ಗ್ರ್ಯಾಂಡ್, ಸರಿಯಾಗಿದೆ. ಆದರೆ ಐದು ಕಿಲೋಮೀಟರ್ ಮೀರಿದ್ದು ಇವೇ ಅಂತ ಕಾಣುತ್ತೆ."

ಬಾತ್‌ರೂಮಿನ ಕಿಟಕಿ

ಮನೆ ತಲುಪುವಷ್ಟರಲ್ಲಿ ಅವಳಿಗೆ ಫೋನು. ಲ್ಯಾಬಿನಲ್ಲಿ ಯಾರಿಗೋ ಪಾಸಿಟಿವ್, ಇವಳು ಕ್ಲೋಸ್ ಕಾಂಟ್ಯಾಕ್ಟ್, ರೂಮು ಬಿಟ್ಟು ಬರಬಾರದು. ಪಾಚಿಯ ಉಸ್ತುವಾರಿ ನನ್ನ ಪಾಲಿಗೆ ಬಂತು.

"ಅದಕ್ಕೆ ಬೇಕಾಗಿರೋದು ತಂಪು, ಸ್ವಲ್ಪ ಬೆಳಕು, ಅಷ್ಟೇ. ಮಾವ, ದಯವಿಟ್ಟು ನೀವಾಗಿ ಏನೂ ಮಾಡ್ಬೇಡಿ" ಅಂತ ಬಾಗಿಲ ಹಿಂದಿನಿಂದ ಕೂಗಿದಳು.

ನನ್ನ ಹೆಂಡತಿ ಡಬ್ಬಿಯೊಳಗೆ ಇಣುಕಿದಳು. "ಏನೇ ಇದು? ನಾನು ಬಾತ್‌ರೂಮ್ ಕಿಟಕಿಯಿಂದ ಪ್ರತಿ ಶನಿವಾರ ಉಜ್ಜಿ ತೆಗೆಯೋದೇ ಅಲ್ವಾ? ಮೊದಲೇ ಹೇಳಿದ್ರೆ ಅಂಟಾರ್ಕ್ಟಿಕಾ ತನಕ ಯಾಕೆ, ಬಕೆಟ್ಟಲ್ಲಿ ಕೊಡ್ತಿದ್ದೆ!"

ಫ್ರಿಜ್ಜಿನಲ್ಲಿ ದೀಪಾವಳಿ

ಫ್ರಿಜ್ಜಿನಲ್ಲಿ ಒಂದು ಡಬ್ಬಿಗಷ್ಟೇ ಜಾಗ. "ಇನ್ನೊಂದು ಡಬ್ಬಿ ಮೂರು ದಿನ ಹೊರಗಿರಲಿ, ವೈರಸ್ ಹೋಗ್ಲಿ ಅಂತ ತರಕಾರಿ ಇಡ್ತೀವಲ್ಲ ಹಂಗೆ" ಅಂದಳು ಹೆಂಡತಿ. ಅದನ್ನು ಹಿತ್ತಲ ಬೆಂಚಿನ ಮೇಲಿಟ್ಟೆ. ಫ್ರಿಜ್ಜಿನೊಳಗಿನದಕ್ಕೆ ಬೆಳಕು ಬೇಕಲ್ಲ? ದೀಪಾವಳಿಯ ಸೀರಿಯಲ್ ಸೆಟ್ ತಂದು ಮೊಸರು, ಕೊತ್ತಂಬರಿಯ ನಡುವೆ ಸುತ್ತಿದೆ. ಬಾಗಿಲು ತೆಗೆದರೆ ಕೆಂಪು, ಹಸಿರು, ಹಳದಿ ಓಡುತ್ತಿತ್ತು. ಸ್ಯಾಂಡಿಫರ್ಡಿನ ನಮ್ಮ ಆಫೀಸಿನವರಿಗೆ ವಿಡಿಯೋ ಕಾಲಿನಲ್ಲೇ ತೋರಿಸಿದೆ. ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಕೇಳಿದ: "ಆ ಮೊಸರಿನ ಹುಟ್ಟುಹಬ್ಬವಾ?"

ಹಾಟ್ ಪ್ರೆಸ್

ಒಂದು ವಾರಕ್ಕೆ ಫ್ರಿಜ್ಜಿನ ಪಾಚಿ ಯಾಕೋ ಬಿಳಿಚಿಕೊಂಡಂತೆ ಕಂಡಿತು. ಪಾಪ, ಚಳಿ! ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿರುವ ಕಪಾಟಿಗೆ ಹಾಟ್ ಪ್ರೆಸ್ ಅಂತಾರೆ. ಐರಿಷರು ಅಲ್ಲಿ ಟವೆಲ್ ಇಡುತ್ತಾರೆ, ನಾವು ದೋಸೆ ಹಿಟ್ಟು ಇಡುತ್ತೇವೆ. ಎಂಥ ಹಠಮಾರಿ ಹಿಟ್ಟೂ ಅಲ್ಲಿ ಉಬ್ಬಿಬರುತ್ತದೆ. ಇನ್ನು ಪಾಚಿ ಯಾವ ಲೆಕ್ಕ? ಡಬ್ಬಿಯನ್ನು ಹಿಟ್ಟಿನ ಪಾತ್ರೆಯ ಪಕ್ಕದಲ್ಲೇ ಬೆಚ್ಚಗಿಟ್ಟೆ.

ಎರಡು ದಿನ ಕಳೆದು ತೆಗೆದು ನೋಡಿದೆ. ಹಿಟ್ಟು ಮೇಲೆ ಬಂದಿತ್ತು. ಪಾಚಿ ಮೇಲಕ್ಕೇ ಹೋಗಿತ್ತು.

ಮುಟ್ಟದ ಕೈ

ಅವಳು ರೂಮಿನಿಂದ ಹೊರಬಂದ ದಿನ, ಅಡುಗೆಮನೆಯ ಮೇಜಿನ ಮೇಲೆ ಬೂದುಬಣ್ಣದ ತಟ್ಟೆಗಳನ್ನು ಸಾಲಾಗಿ ಇಟ್ಟು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. ಕುರ್ಚಿಯಲ್ಲಿ ಕೂತು, "ಹೋಗ್ಲಿ ಬಿಡಿ ಮಾವ. ಎರಡನೇ ಡಬ್ಬಿ ಇದೆಯಲ್ಲ, ಅದನ್ನ ಕೊಡಿ" ಅಂದಳು.

ಎರಡನೇ ಡಬ್ಬಿ! ಮೂರು ದಿನಕ್ಕೆ ಅಂತ ಇಟ್ಟಿದ್ದು ಎರಡು ವಾರವಾಗಿತ್ತು. ಮೂವರೂ ಹಿತ್ತಲಿಗೆ ಓಡಿದೆವು. ಬೆಂಚಿನ ಮೇಲೆ ಡಬ್ಬಿ; ಮುಚ್ಚಳದ ತುಂಬ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಅವಳು ತೋಳಿನಿಂದ ಒರೆಸಿದಳು. ಒಳಗೆ ಹಸಿರು. ಎಂಥ ಹಸಿರು ಅಂತೀರಿ! ಗದ್ದೆಗೆ ಸಸಿ ನೆಟ್ಟಂತೆ, ತಟ್ಟೆಯ ಅಂಚಿನ ತನಕ ಹಬ್ಬಿತ್ತು. ಅವಳು ಅಳುತ್ತಾ ನಗುತ್ತಾ ಅತ್ತೆಯನ್ನು ತಬ್ಬಿಕೊಂಡಳು. ನನ್ನನ್ನು ಯಾಕೋ ತಬ್ಬಿಕೊಳ್ಳಲಿಲ್ಲ.

ಮಧ್ಯಾಹ್ನ ವಿಡಿಯೋ ಕಾಲಿನಲ್ಲಿ ಗೈಡ್ ತಟ್ಟೆ ನೋಡಿ ಬೆರಗಾದರು. "ಲ್ಯಾಬಿನಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಯಾರು ನೋಡಿಕೊಂಡಿದ್ದು?"

ನಾನು ಕ್ರಾಪು ಸರಿಮಾಡಿಕೊಂಡು ಕ್ಯಾಮೆರಾ ಮುಂದೆ ಬಂದೆ.

"ಇದೊಂದನ್ನ ನಮ್ಮ ಮಾವ ಮುಟ್ಟಿಲ್ಲ" ಅಂದಳು ಅವಳು.

"ಅದ್ಭುತ," ಅಂದರು ಗೈಡ್. "ಅವರು ಅದನ್ನೇ ಮುಂದುವರಿಸಲಿ."

ಲ್ಯಾಬ್ ತೆರೆಯುವ ತನಕ, ತಿಂಗಳುಗಟ್ಟಲೆ, ನಾನು ಆ ಡಬ್ಬಿಯನ್ನು ಮುಟ್ಟಲಿಲ್ಲ. ಅವಳ ಪಿಎಚ್‌ಡಿ ಉಳಿಯಿತು. ಅಷ್ಟು ಚೆನ್ನಾಗಿ ಮುಟ್ಟದೇ ಇರಬಲ್ಲ ಮನುಷ್ಯ ಇಡೀ ಐರ್ಲೆಂಡಿನಲ್ಲಿ ಇನ್ನೊಬ್ಬನಿದ್ದರೆ ತಂದು ತೋರಿಸಿ, ನೋಡೋಣ.