ಒಂದನೇ ನಂಬರಿನ ಬಿಲ್ಲೆ

ನಾನಿರುವವರೆಗೆ ಈ ಕೊಳದಲ್ಲಿ ಒಂದು ಇರುವೆಯೂ ಮುಳುಗಕೂಡದು! ಈಜುಕೊಳಕ್ಕೆ ಸೇರಿದ ಮೂರನೇ ವಾರವೇ ನಾನು ಹೀಗೆಂದು ಶಪಥ ಮಾಡಿದೆ. ನನ್ನ ಈಜು ಅಷ್ಟಕ್ಕಷ್ಟೇ, ನಿಜ. ಆದರೆ ಇಪ್ಪತ್ತೆರಡು ವರ್ಷ ವಿಮಾ ಕಚೇರಿಯಲ್ಲಿ ಕೂತು ಅಪಘಾತದ ಅರ್ಜಿಗಳನ್ನೇ ಓದಿದವನಿಗೆ ನೀರು ಕಂಡರೆ ಮೊದಲು ಹೊಳೆಯುವುದು ನಿಯಮಾವಳಿ.

"ಡಾಕ್ಟ್ರು ಸೊಂಟನೋವಿಗೆ ಈಜಿ ಅಂದ್ರು, ಊರು ಕಾಯಿರಿ ಅನ್ನಲಿಲ್ಲ," ಎಂದಳು ಹೆಂಡತಿ.

ಹಿತ್ತಲ ಗಿಡ ಮದ್ದಲ್ಲ! ನಾನು ಕಿವಿಗೆ ಹಾಕಿಕೊಳ್ಳದೆ ಒಂಬತ್ತು ನಿಯಮ ಬರೆದು ಕೊಳದ ಗೋಡೆಗೆ ಅಂಟಿಸಿದೆ. ಸ್ನಾನ ಮಾಡದೆ ನೀರಿಗೆ ಇಳಿಯಬಾರದು. ಕಿವಿ ಒರೆಸಿಕೊಳ್ಳದೆ ಮನೆಗೆ ಹೋಗಬಾರದು. ತಳ ಕಾಣದ ನೀರಿನಲ್ಲಿ ಈಜಲೇಬಾರದು. ಇವೆಲ್ಲಕ್ಕೂ ಕಿರೀಟವೆಂದರೆ ಒಂಬತ್ತನೆಯದು. ನೀರಿಗೆ ಇಳಿಯುವವರು ತಮ್ಮ ನಂಬರಿನ ಬಿಲ್ಲೆಯನ್ನು ಬಾಗಿಲ ಬಳಿಯ ಹಲಗೆಯ ಮೊಳೆಗೆ ನೇತುಹಾಕಬೇಕು, ಹೊರಡುವಾಗ ತೆಗೆದುಕೊಳ್ಳಬೇಕು. ಕೊಳ ಮುಚ್ಚುವಾಗ ಯಾವುದಾದರೂ ಬಿಲ್ಲೆ ಉಳಿದಿದ್ದರೆ, ಅದರ ಒಡೆಯ ನೀರಿನಡಿಯಲ್ಲೇ ಇದ್ದಾನೆಂದು ತಿಳಿದು ಹುಡುಕಬೇಕು, ಮನೆಯವರಿಗೆ ಫೋನ್ ಮಾಡಬೇಕು!

ಕೊಳದ ಕಾವಲುಗಾರನಿಗೆ ಎಲ್ಲರೂ ಸೀಟಿ ಮಾಸ್ತರ್ ಎನ್ನುತ್ತಾರೆ. ಅವನು ತಲೆ ಕೆರೆದುಕೊಂಡ.

"ಸಾರ್, ಯಾರಾದ್ರೂ ಮರೆತು ಬಿಟ್ಟು ಹೋದ್ರೆ?"

"ಮರೆಯೋದಾ? ಜೀವದ ವಿಷಯ ಯಾರಾದ್ರೂ ಮರೀತಾರೇನಯ್ಯಾ!" ಎಂದು ಒಂದನೇ ನಂಬರಿನ ಬಿಲ್ಲೆಯನ್ನು ನಾನೇ ಇಟ್ಟುಕೊಂಡೆ.

ಎರಡು ವಾರ ಎಲ್ಲ ಸಾಂಗವಾಗಿ ನಡೆಯಿತು. ಆಮೇಲೆ ಆ ಶನಿವಾರ ಬಂತು. ನನಗೆ ರಜೆ, ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿಗೆ ಇಲ್ಲ. ಕೊಳದ ಪಂಪು ಕೆಟ್ಟು ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. "ಆಳದ ಕಡೆ ಬೇಡಿ ಸಾರ್," ಎಂದ ಸೀಟಿ ಮಾಸ್ತರ್. ನಿಯಮ ಮಾಡಿದವನಿಗೇ ನಿಯಮವೇ? ಬಿಲ್ಲೆ ನೇತುಹಾಕಿ, ಆಳದ ಕಡೆಯೇ ನಾಲ್ಕು ಸುತ್ತು ಹೊಡೆದು ಮೇಲೆ ಬಂದೆ.

ಬಟ್ಟೆ ಬದಲಿಸುವಾಗ ಕಣ್ಣಿಗೆ ಬಿದ್ದವನು ನಮ್ಮ ಬೀದಿಯ ದರ್ಜಿ. ಕಿವಿ ಒರೆಸಿಕೊಳ್ಳದೆ ಹೊರಟಿದ್ದ! ಬಿಡುತ್ತೇನೆಯೇ? ಕಿವಿಯಲ್ಲಿ ನಿಂತ ನೀರು, ಅದರಿಂದ ಬರುವ ಕೀವು, ಕಾಲ್ಬೆರಳ ಸಂದಿಯ ತುರಿ, ಎಲ್ಲವನ್ನೂ ಬಿಡಿಸಿ ಹೇಳತೊಡಗಿದೆ. ಅವನು ತಪ್ಪಿಸಿಕೊಳ್ಳಲು ಬೇಗ ಬೇಗ ನಡೆದ, ನಾನು ಬೆನ್ನು ಹತ್ತಿದೆ. ನನ್ನ ಉಪದೇಶ ಮುಗಿಯುವ ಹೊತ್ತಿಗೆ ನಮ್ಮ ಮನೆ ಬಾಗಿಲು ಬಂದಿತ್ತು. ದರ್ಜಿಯ ಬಿಲ್ಲೆ ದರ್ಜಿಯ ಜೇಬಿನಲ್ಲಿತ್ತು. ನನ್ನದು ಮೊಳೆಯಲ್ಲೇ ಇತ್ತು.

ನಾನು ಕಿವಿ ಒಣಗಿಸಿಕೊಂಡು, ಎರಡಕ್ಕೂ ಹತ್ತಿ ತುರುಕಿ, ಫೋನನ್ನು ಚೀಲದಲ್ಲೇ ಬಿಟ್ಟು ಹಾಯಾಗಿ ಮಲಗಿದೆ. ಎದ್ದು ಹತ್ತಿ ತೆಗೆದು ಫೋನ್ ನೋಡಿದರೆ ಇಪ್ಪತ್ತಮೂರು ಕರೆ! ಹದಿನೇಳು ಹೆಂಡತಿಯದು, ಆರು ಸೀಟಿ ಮಾಸ್ತರನದು. ತಿರುಗಿ ಮಾಡಿದರೆ ಇಬ್ಬರೂ ಎತ್ತುತ್ತಿಲ್ಲ. ಕೊಳದಲ್ಲಿ ಏನೋ ಅನಾಹುತವಾಗಿದೆ! ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಓಡಿದೆ.

ಗೇಟಿನ ಬಳಿ ಜನವೋ ಜನ.

"ಏನಾಯ್ತು?"

"ಒಬ್ರು ಮುಳುಗಿದಾರಂತೆ. ಅರ್ಧ ಗಂಟೆ ಆಯ್ತು, ಸಿಕ್ಕಿಲ್ಲ."

ನನ್ನ ಕೊಳದಲ್ಲಿ! "ಸರೀರಿ, ಸರೀರಿ! ನಾನು ಸುರಕ್ಷತಾ ಸಮಿತಿ ಅಧ್ಯಕ್ಷ!" ಎಂದು ಕೂಗುತ್ತ ನುಗ್ಗಿದೆ. ಆ ಸಮಿತಿಯಲ್ಲಿ ಇದ್ದವನು ನಾನೊಬ್ಬನೇ ಎಂಬುದನ್ನು ಹೇಳುತ್ತ ನಿಲ್ಲುವ ಹೊತ್ತಲ್ಲ ಅದು. ಬಟ್ಟೆ ಸಮೇತ ಧುಮುಕಿದೆ. ಮಬ್ಬಿನಲ್ಲಿ ತಳವನ್ನೆಲ್ಲ ತಡಕಿದೆ. ಒಂದು ಬಾಚಣಿಗೆ ಸಿಕ್ಕಿತು. ಆಮೇಲೆ ಒಂದು ಕಾಲು ಸಿಕ್ಕಿತು!

"ಸಿಕ್ಕಿದ!" ಎಂದು ಎಳೆದೆ.

"ಬಿಡ್ರೀ, ಅದು ನನ್ ಕಾಲು!" ಎನ್ನುತ್ತ ನೀರು ಉಗುಳಿಕೊಂಡು ಮೇಲೆದ್ದ ಸೀಟಿ ಮಾಸ್ತರ್, ನನ್ನ ಮುಖ ನೋಡಿ ಬಾಯಿ ತೆರೆದವನು ಮುಚ್ಚಲೇ ಇಲ್ಲ.

"ಸಾರ್... ಎಲ್ಲಿದ್ರಿ ಸಾರ್?"

"ಮನೇಲಿ. ಅದಿರ್ಲಿ, ಮುಳುಗಿದ್ದು ಯಾರು?"

"ನೀವೇ ಸಾರ್!"

ನಗು ಬಂತು. ನಗುತ್ತಲೇ ದಡದ ಕಡೆ ತಿರುಗಿದೆ. ಅಲ್ಲಿ ಯಾರದೋ ಟವೆಲ್ ಹೊದ್ದು, ತಲೆಯಿಂದ ಕಾಲಿನವರೆಗೆ ನೆನೆದು, ಗಡಗಡ ನಡುಗುತ್ತ ಕೂತಿದ್ದಳು ಹೆಂಡತಿ. ಬಕೆಟ್ಟಿನ ನೀರು ತುಳುಕಿದರೂ ಹಿಂದೆ ಸರಿಯುವವಳು! ಗ್ರಂಥಾಲಯದಿಂದ ಓಡಿ ಬಂದು, ಯಾರ ಮಾತೂ ಕೇಳದೆ ನನ್ನನ್ನು ಹುಡುಕಲು ನೀರಿಗೆ ಇಳಿದು, ಕಾಲು ಜಾರಿ ನಿಜವಾಗಿ ಮುಳುಗಿದ್ದಳಂತೆ. ನನ್ನನ್ನು ಹುಡುಕುವುದು ಬಿಟ್ಟು ಅವಳನ್ನು ಎಳೆದು ತಂದಿದ್ದ ಸೀಟಿ ಮಾಸ್ತರ್.

ನನ್ನ ನಗು ಅಲ್ಲೇ ಸತ್ತಿತು. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ, ಅಷ್ಟು ನಾಚಿಕೆಯೂ ಆಗಿರಲಿಲ್ಲ. ಮೇಲೆ ಹತ್ತಿ ಅವಳೆದುರು ನಿಂತೆ. ಅವಳು ನನ್ನ ಕೆನ್ನೆ ಮುಟ್ಟಿ ನೋಡಿದಳು, ಕೈ ಹಿಸುಕಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಾರಿಯುದ್ದಕ್ಕೂ ಕೈ ಬಿಡದೆ ನಡೆದವಳು, ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು.

"ನಾಳೆಯಿಂದ ನಾನು ಈಜು ಕಲೀತೀನಿ."

"ನೀನಾ? ಯಾಕೆ?"

"ಇನ್ನೊಂದ್ ಸಲ ದಡದಲ್ಲಿ ಕೂತು ಅಳೋಕೆ ನನ್ನಿಂದಾಗಲ್ಲ ಕಣ್ರೀ."

ಕಲಿತೇಬಿಟ್ಟಳು. ಎರಡೇ ತಿಂಗಳಲ್ಲಿ ಈ ತುದಿಯಿಂದ ಆ ತುದಿಗೆ ಸರಾಗವಾಗಿ ಹೋಗುತ್ತಾಳೆ. ಕೊಳದವರು ನನಗೆ ಮೂರು ತಿಂಗಳು ನೀರಿಗೆ ಇಳಿಯದಂತೆ ಶಿಕ್ಷೆ ಕೊಟ್ಟಿರುವುದರಿಂದ ಅವಳ ಟವೆಲ್ ಹಿಡಿದು ಬೆಂಚಿನ ಮೇಲೆ ಕೂರುತ್ತೇನೆ. ಮೊನ್ನೆ ಮಾತ್ರ ಬಾಯಿ ಸುಮ್ಮನಿರಲಿಲ್ಲ.

"ಕಾಲು ನೇರ ಇರ್ಲಿ ಕಣೇ! ಉಸಿರು ಪಕ್ಕಕ್ಕೆ ತಗೋ!"

ಅವಳು ದಡ ಹಿಡಿದು ನಿಂತು, ಈಜಿನ ಕನ್ನಡಕ ಹಣೆಗೇರಿಸಿ, ಇಡೀ ಕೊಳಕ್ಕೆ ಕೇಳುವಂತೆ ಹೇಳಿದಳು:

"ಸುಮ್ನೆ ಕೂತ್ಕೊಳ್ರೀ! ಮುಳುಗಿ ಸತ್ತೋರ ಹತ್ರ ಈಜು ಕಲಿಯೋಷ್ಟು ಗತಿಗೆಟ್ಟಿಲ್ಲ ನಾನು!"