ಒಂದು ಸಲಕ್ಕೆ ನೂರೇ ಕ್ಯಾಲೋರಿ

ಬಿಸ್ಕತ್ತು ಕಾರ್ಖಾನೆಯ ಆ ಗುಮಾಸ್ತರು ಹೊಟ್ಟೆ ಹೊರೆಯುತ್ತಿದ್ದದ್ದು ಪ್ಯಾಕೆಟ್ಟಿನ ಮೇಲೆ ಅಕ್ಷರ ಬರೆದು. ಹನ್ನೆರಡು ಬಿಸ್ಕತ್ತಿನ ಪ್ಯಾಕೆಟ್ಟಿನ ಹಣೆಗೆ ದಪ್ಪಕ್ಷರದಲ್ಲಿ 'ಒಂದು ಸಲಕ್ಕೆ ನೂರೇ ಕ್ಯಾಲೋರಿ' ಎಂದು ಸಾರಿ, 'ಒಂದು ಸಲ ಎಂದರೆ ಎರಡು ಬಿಸ್ಕತ್ತು' ಎಂಬುದನ್ನು ಬೆನ್ನಿನ ಮಡಿಕೆಯೊಳಗೆ ಇರುವೆ ಗಾತ್ರದಲ್ಲಿ ಅಡಗಿಸಿದ ಮಹಾನುಭಾವರು ಇವರೇ. ಕಾನೂನು ಸತ್ಯ ಬರೆಯಿರಿ ಎಂದಿತ್ತು. ಓದುವಂತೆ ಬರೆಯಿರಿ ಎಂದಿರಲಿಲ್ಲ. (ಎರಡಕ್ಕೇ ಕೈ ತೊಳೆದ ಮನುಷ್ಯ ಇನ್ನೂ ಹುಟ್ಟಿಲ್ಲ, ಕಾರ್ಖಾನೆ ನಿಂತಿರುವುದೇ ಆ ಭರವಸೆಯ ಮೇಲೆ.)

ನಾಲ್ಕು ಮೆಟ್ಟಿಲಿಗೆ ಗುಮಾಸ್ತರಿಗೆ ಏದುಸಿರು ಬಂತು. ರಕ್ತದಲ್ಲಿ ಸಕ್ಕರೆ, ಲಿವರಿನಲ್ಲಿ ಕೊಬ್ಬು. ಹದಿನೈದು ದಿನ ತಿಂದದ್ದನ್ನೆಲ್ಲ ಬರೆದು ತನ್ನಿ ಎಂದರು ಡಾಕ್ಟರಮ್ಮ. ಬರೆಯುವುದು ತಾನೇ ಇವರ ಕಸುಬು!

ಬರೆದದ್ದನ್ನು ಓದಿ ಡಾಕ್ಟರಮ್ಮ ಕನ್ನಡಕ ತೆಗೆದರು.

"ದಿನಕ್ಕೆ ಸಾವಿರ ಕ್ಯಾಲೋರಿ! ಇಷ್ಟೇ ತಿಂದೋರು ಒಣಕಡ್ಡಿ ಆಗ್ಬೇಕಿತ್ತಲ್ರೀ. ನೋಡಿ, ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಅಂತ ಪುಟ್ಟ ಒಲೆಗಳಿರ್ತವೆ. ತಿಂದಿದ್ದನ್ನ ಉರಿಸಿ ಶಕ್ತಿ ಮಾಡೋವು ಅವೇ. ವರ್ಷಗಟ್ಲೆ ಅಳತೆ ಮೀರಿ ತುರುಕಿದ್ರೆ ಸೊರಗ್ತವೆ, ಉರಿಯದೆ ಉಳಿದಿದ್ದು ಕೊಬ್ಬಾಗುತ್ತೆ. ಆದ್ರೆ ನೀವು ತುರುಕೇ ಇಲ್ಲ! ಅಂದ್ರೆ ಹುಟ್ಟಿನಿಂದ್ಲೇ ಒಲೆ ಕೆಟ್ಟಿರ್ಬೇಕು. ತೊಡೆಯಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸೋಣ."

ಸಿಸ್ಟರ್ ತಂದಿಟ್ಟ ಸೂಜಿ ಕಂಡು ಗುಮಾಸ್ತರು ಪಂಚೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದಳು ಜೊತೆಗೆ ಬಂದಿದ್ದ ಹೆಂಡತಿ.

"ಸುಮ್ನಿರೇ!"

"ನಾನು ಸುಮ್ನಿದ್ದೂ ಸುಮ್ನಿದ್ದೇ ನಿಮ್ಮ ಹೊಟ್ಟೆ ಹೊಸ್ತಿಲು ದಾಟಿದ್ದು."

ಸಿಸ್ಟರ್ ಪಂಚೆ ಸರಿಸಲು ಬಂದದ್ದೇ ತಡ, ಗುಮಾಸ್ತರು ಬಾಯಿಬಿಟ್ಟರು. "ಅಯ್ಯೋ, ತಡೀರಿ ಡಾಕ್ಟ್ರೇ! ಆ ನೂರು ಕ್ಯಾಲೋರಿ ಬಿಸ್ಕತ್ತು ಇದೆಯಲ್ಲ... ಅದು ಎರಡಕ್ಕೆ ಮಾತ್ರ. ಪೂರ್ತಿ ಪ್ಯಾಕೆಟ್ಟಿಗೆ ಆರುನೂರು. ನಾನು ದಿನಾ ನಾಲ್ಕು ಪ್ಯಾಕೆಟ್ ತಿಂದು, ನಾನೂರು ಅಂತ ಬರ್ದೆ."

ಒಲೆಗಳ ಮೇಲಿನ ಅಪವಾದ ಕಳೆಯಿತು. ತೊಡೆ ಉಳಿಯಿತೆಂದು ಗುಮಾಸ್ತರು ಉಸಿರು ಬಿಟ್ಟರು. ಡಾಕ್ಟರಮ್ಮ ಮಾತ್ರ ಮೇಜಿನ ಡ್ರಾಯರ್ ಎಳೆದು, ಅರ್ಧ ತಿಂದಿದ್ದ ಅದೇ ಬಿಸ್ಕತ್ತಿನ ಪ್ಯಾಕೆಟ್ ತೆಗೆದರು. ಮಡಿಕೆ ಬಿಡಿಸಿ, ಭೂತಗನ್ನಡಿ ಹಿಡಿದು ಓದಿದರು.

"ಮಧ್ಯಾಹ್ನದ ಊಟ ಬಿಟ್ಟು ಎರಡು ವರ್ಷದಿಂದ ದಿನಾ ಒಂದು ಪ್ಯಾಕೆಟ್ ತಿಂತಿದೀನಿ, ನೂರೇ ಅಂತ ನಂಬ್ಕೊಂಡು! ರೋಗಿಗಳಿಗೂ ಇದನ್ನೇ ತಿನ್ನಿ ಅಂದಿದೀನಿ. ಹದಿನಾಲ್ಕು ಕೆಜಿ ಏರಿದೀನಿ ಕಣ್ರೀ! ಇದನ್ನ ಬರ್ದ ಪುಣ್ಯಾತ್ಮ ಯಾರು?"

ಗುಮಾಸ್ತರು ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರವನ್ನು ಏಕಾಗ್ರತೆಯಿಂದ ಅಧ್ಯಯನ ಮಾಡತೊಡಗಿದರು. ಹೆಂಡತಿ ಸದ್ದಿಲ್ಲದೆ ಅವರತ್ತ ಬೆರಳು ತೋರಿಸಿದಳು.

"ಸಿಸ್ಟರ್," ಎಂದರು ಡಾಕ್ಟರಮ್ಮ, "ಆ ಸೂಜಿ ಸಣ್ಣದಾಯ್ತು."