ಕ್ಯಾರಿಯಿಂದ ವಾಷಿಂಗ್ಟನ್‌ಗೆ ಒಂದೇ ಗಂಟೆ

ವಿಮಾನ ಹತ್ತಿದಾಗೆಲ್ಲ ನನಗೆ ಏನಾದರೊಂದು ಆಗೇ ಆಗುತ್ತೆ. ಹಾಗಂತ ಹತ್ತೋದು ಬಿಟ್ಟಿಲ್ಲ. ನಾವಿರೋದು ಕ್ಯಾರಿ ಅನ್ನೋ ಊರಲ್ಲಿ, ತಂಗಿ ಇರೋದು ವಾಷಿಂಗ್ಟನ್ ಪಕ್ಕದ ಜರ್ಮನ್‌ಟೌನ್‌ನಲ್ಲಿ. ಕಾರಲ್ಲಿ ಐದು ಗಂಟೆ, ವಿಮಾನದಲ್ಲಿ ಒಂದೇ ಗಂಟೆ. "ಅದು ಆಕಾಶದ ಗಂಟೆ ಕಣೇ, ನೆಲದ್ದೂ ಸೇರಿಸು" ಅಂತಾರೆ ನಮ್ಮ ಯಜಮಾನರು. ಅವರಿಗೆ ಕಾರು ಅಂದ್ರೆ ಪ್ರಾಣ. ನನಗೆ ಹಠ. ಒಂದು ಸಲವಾದರೂ ಅವರಿಗಿಂತ ಮೊದಲು ತಂಗಿ ಮನೆ ಬಾಗಿಲು ತಟ್ಟಲೇಬೇಕು.

ಮೊದಲನೇ ಸಲ

ಎಲ್ಲರೂ ಇನ್ನೂ ಮಾಸ್ಕ್ ಹಾಕ್ಕೊಂಡು ಓಡಾಡ್ತಿದ್ದ ಕಾಲ. ಯಜಮಾನರು ನನ್ನನ್ನು ಏರ್‌ಪೋರ್ಟಿಗೆ ಬಿಟ್ಟು, ಹಾಗೇ ಕಾರಲ್ಲಿ ಹೊರಟರು. ನಾನು ಬೆಲ್ಟ್ ಬಿಗಿದು ಕೂತೆ. ವಿಮಾನ ಗೇಟಿಂದ ಒಂಚೂರು ಸರಿದು ನಿಂತುಬಿಡ್ತು. "ವಾಷಿಂಗ್ಟನ್‌ನಲ್ಲಿ ಗುಡುಗು, ಸ್ವಲ್ಪ ಕಾಯಬೇಕು" ಅಂದ ಪೈಲಟ್. ಅವನ ಸ್ವಲ್ಪ ಮುಗಿಯಲೇ ಇಲ್ಲ. ಅಷ್ಟರಲ್ಲಿ ಫೋನ್ ಬಂತು.

"ಅರ್ಧ ದಾರಿ ಆಯ್ತು. ರಿಚ್ಮಂಡ್ ದಾಟಿ ಕಾರಿಗೆ ಗ್ಯಾಸ್ ಹಾಕಿಸ್ತಿದೀನಿ. ನೀನೆಲ್ಲಿದೀಯ?"

"ಪ್ಲೇನಲ್ಲಿ."

"ಪ್ಲೇನ್ ಎಲ್ಲಿದೆ?"

"ಕ್ಯಾರಿ ಹತ್ರ."

ಅಟ್ಲಾಂಟಾ ಸುತ್ತಿ

ತಂಗಿಯ ಗೃಹಪ್ರವೇಶಕ್ಕೆ ನೇರ ಫ್ಲೈಟ್ ಸಿಗಲಿಲ್ಲ. ಅಟ್ಲಾಂಟಾದಲ್ಲಿ ಬದಲಾಯಿಸೋ ಟಿಕೆಟ್ ತಗೊಂಡೆ. ಮಗಳು ಮ್ಯಾಪ್ ನೋಡಿ, "ಅಮ್ಮಾ, ಚಿಕ್ಕಮ್ಮನ ಮನೆ ಮೇಲೆ ಇದೆ. ವೈ ಆರ್ ಯೂ ಗೋಯಿಂಗ್ ಡೌನ್?" ಅಂದಳು. "ದೊಡ್ಡವರಿಗೆ ಬುದ್ಧಿ ಹೇಳಬೇಡ" ಅಂತ ಗದರಿಸಿ ಹೊರಟೆ. ಅಟ್ಲಾಂಟಾದಲ್ಲಿ ರೇಷ್ಮೆ ಸೀರೆ ಎತ್ತಿ ಹಿಡ್ಕೊಂಡು ಗೇಟಿಂದ ಗೇಟಿಗೆ ಓಡಿದ ಪಾಡು ನನಗೇ ಗೊತ್ತು. ಜರ್ಮನ್‌ಟೌನ್ ತಲುಪಿದಾಗ ಹಾಲು ಉಕ್ಕಿಸಿ, ಊಟವೂ ಮುಗಿದಿತ್ತು. ಯಜಮಾನರು ಎಲೆಅಡಿಕೆ ಮೆಲ್ಲುತ್ತಾ ಬಾಗಿಲಲ್ಲಿ ನಿಂತಿದ್ದರು. "ಬನ್ನಿ ಬನ್ನಿ, ಮನೆಯವರು ಒಳಗಿದ್ದಾರೆ" ಅಂತ ನನ್ನನ್ನೇ ಸ್ವಾಗತಿಸಿದರು!

ಸೀಮಂತದ ದಿನ

ಈ ಸಲ ಹುಡುಗಾಟ ಅಲ್ಲ. ತಂಗಿಗೆ ಸೀಮಂತ. ಅಮ್ಮನಿಗೆ ವೀಸಾ ಆಗಲಿಲ್ಲ. ತವರಿನ ಕಡೆಯಿಂದ ಬಳೆ ತೊಡಿಸೋಕೆ ನಾನೊಬ್ಬಳೇ. "ಅಕ್ಕಾ, ಈ ಸಲ ಲೇಟ್ ಮಾಡಬೇಡ ಕಣೇ" ಅಂತ ಅವಳು ಫೋನಲ್ಲಿ ಅತ್ತೇಬಿಟ್ಟಳು. ನೇರ ಫ್ಲೈಟೇ ಬುಕ್ ಮಾಡಿದೆ.

ಆದರೆ ಮನೆ ಬಿಡೋ ಹೊತ್ತಿಗೆ ಸರಿಯಾಗಿ ರಾಹುಕಾಲ. ಮೈಸೂರಿಂದ ಬಂದಿದ್ದ ಅತ್ತೆ ಬಿಡ್ತಾರಾ? ಹಿಂದಿನ ಸಂಜೆಯೇ ಒಳ್ಳೆ ಹೊತ್ತು ನೋಡಿ, ನನ್ನ ಬ್ಯಾಗನ್ನು ಪಕ್ಕದ ಮನೆ ಆಂಟಿ ಹತ್ತಿರ ಇಡಿಸಿದರು. "ಪ್ರಸ್ಥಾನ ಇಟ್ಟಾಯ್ತು. ಬ್ಯಾಗ್ ಹೊಸಿಲು ದಾಟಿದ್ರೆ ನೀನೇ ಹೊರಟ ಹಾಗೆ. ಇನ್ನು ನಾಳೆ ಯಾವಾಗ ಬೇಕಾದ್ರೂ ಹೋಗು" ಅಂದರು.

ಮರುದಿನ ಯಜಮಾನರು ಅತ್ತೆಯನ್ನೂ ಮಗಳನ್ನೂ ಕೂರಿಸಿಕೊಂಡು ರಾಹುಕಾಲಕ್ಕೆ ಮುಂಚೆಯೇ ಕಾರಲ್ಲಿ ಹೊರಟರು. ಆಮೇಲೆ ನಾನು ಆಂಟಿ ಮನೆಯಿಂದ ಬ್ಯಾಗ್ ಎತ್ಕೊಂಡು ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿದೆ. ಏನು ಹೇಳಲಿ, ವಿಮಾನ ಹೊತ್ತಿಗೆ ಸರಿಯಾಗಿ ಹಾರಿ, ಹೊತ್ತಿಗೆ ಮುಂಚೆ ಇಳೀತು! ತಂಗಿ ಕೈಗೆ ಮೊದಲ ಹಸಿರು ಬಳೆ ನಾನೇ ತೊಡಿಸಿದೆ. ಇಬ್ಬರ ಕಣ್ಣೂ ತುಂಬಿ ಬಂತು.

ಆಮೇಲೆ ಕಾರು ಬಂತು. ನಾನು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತೆ.

"ಈಗ ಹೇಳಿ, ಯಾವುದು ಬೇಗ? ಕಾರಾ, ವಿಮಾನಾನಾ?"

ಯಜಮಾನರು ತಲೆ ತಗ್ಗಿಸಿ ಶೂ ಬಿಚ್ಚುತ್ತಿದ್ದರು. ಹಿಂದೆಯೇ ಬಂದ ಅತ್ತೆ ನನ್ನ ಮುಖ ನೋಡಿ ಹೇಳಿದರು:

"ಇದರಲ್ಲಿ ಕೇಳೋದೇನಿದೆಯಮ್ಮ? ನೀನು ಹೊರಟಿದ್ದು ನಿನ್ನೆ ಸಂಜೆ. ನಾವು ಹೊರಟಿದ್ದು ಇವತ್ತು ಬೆಳಗ್ಗೆ."